ಕಣ ದಾಟಿದ ಸೈಕಲ್ಲು

ನಮ್ಮ ಮನೆಗೆ ಅಂಗಳ ಇರಲಿಲ್ಲ, ಕಣ ಇತ್ತು. ಬಾಳೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಅಪ್ಪ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದ. ರೈಟರಿಗೆಂದು ಕೊಟ್ಟಿದ್ದ ಕ್ವಾರ್ಟರ್ಸಿನ ಮೂರು ಮೆಟ್ಟಿಲು ಇಳಿದರೆ ಕಾಲು ನೇರ ಕಾಫಿ ಒಣಗಿಸುವ ಸಿಮೆಂಟ್ ಕಣದ ಮೇಲೇ ಬೀಳಬೇಕು. ನಮ್ಮ ಕಡೆ ಎತ್ತ ಹೊರಟರೂ ಒಂದೋ ಏರು, ಇಲ್ಲಾ ಇಳಿಜಾರು. ಗೋಲಿ ಇಟ್ಟರೆ ಇಟ್ಟ ಕಡೆ ನಿಲ್ಲುವಂಥ ಜಾಗ ಅದೊಂದೇ. ಕುಯ್ಲು ಇಲ್ಲದ ತಿಂಗಳುಗಳಲ್ಲಿ ಆ ಕಣ ನನ್ನದು. ಕುಂಟೆಬಿಲ್ಲೆ ಆಡಿದ್ದು ಅಲ್ಲೇ, ಮಗ್ಗಿ ಒಪ್ಪಿಸಿದ್ದು ಅಲ್ಲೇ, ಸಿಟ್ಟು ಬಂದಾಗ ನಟ್ಟನಡುವೆ ಹೋಗಿ ಕೂತು ಯಾರಾದರೂ ಬಂದು ಕರೆಯಲಿ ಅಂತ ಕಾದದ್ದೂ ಅಲ್ಲೇ. ಕುಯ್ಲು ಶುರುವಾಯಿತೆಂದರೆ ಅದು ಸಾಹುಕಾರರ ಪಾಲು. ಪಲ್ಪರ್ ಮನೆಯಲ್ಲಿ ಹಣ್ಣಿನ ಸಿಪ್ಪೆ ಸುಲಿದು, ತೊಳೆದು ತಂದ ಬೀಜವನ್ನು, ನಾವು ಪಾರ್ಚ್‌ಮೆಂಟ್ ಅನ್ನುವುದನ್ನು, ಈ ತುದಿಯಿಂದ ಆ ತುದಿಯವರೆಗೆ ಹರವುತ್ತಿದ್ದರು. ಕಣದ ಹೆಂಗಸರು ಬರಿಗಾಲಲ್ಲಿ ಅದರೊಳಗೆ ನಡೆಯುತ್ತ ಸಾಲು ಸಾಲಾಗಿ ಮಗುಚುತ್ತಿದ್ದರು. ಸಂಜೆ ಅದನ್ನೆಲ್ಲ ರಾಶಿ ಮಾಡಿ ಟಾರ್ಪಾಲು ಹೊದಿಸಿದ ಮೇಲೇ ಅಪ್ಪನ ಮುಖಕ್ಕೆ ಗೆಲುವು ಬರುತ್ತಿದ್ದುದು.

ಕಣ ಸಾಹುಕಾರರದಾದರೂ ಅದರ ಕಾನೂನು ನನ್ನ ಅಜ್ಜಿಯದು. ಅಜ್ಜಿ, ಅಂದರೆ ಅಪ್ಪನ ತಾಯಿ, ಗದ್ದೆಯಿದ್ದ ಮನೆಯಿಂದ ಬಂದವಳು. ಭತ್ತದ ಕಣಕ್ಕೆ ನಡೆಸುತ್ತಿದ್ದ ಶಾಸ್ತ್ರವನ್ನೆಲ್ಲ ಸೀರೆಯ ಸೆರಗಿಗೆ ಗಂಟು ಕಟ್ಟಿಕೊಂಡು ಬಂದು, ಯಾರದೋ ಕಾಫಿಯ ಸಿಮೆಂಟಿನ ಮೇಲೆ ಬಿಚ್ಚಿದ್ದಳು. ಕಣ ಅಂದರೆ ಲಕ್ಷ್ಮಿ. ಚಪ್ಪಲಿ ಹಾಕಿ ತುಳಿಯುವಂತಿಲ್ಲ, ಅದರ ಮೇಲೆ ತಲೆ ಬಾಚುವಂತಿಲ್ಲ, ಮನೆಯ ಹೆಂಗಸರು ತಿಂಗಳ ಮೂರು ದಿನ ಹೊರಗಾದರೆ ಅತ್ತ ಕಾಲಿಡುವಂತಿಲ್ಲ. ಆ ಮೂರು ದಿನ ಅವರು ಜಗಲಿಯ ಪಕ್ಕದ ಕೋಣೆಯಲ್ಲಿರಬೇಕು; ಎಲ್ಲಿಗಾದರೂ ಹೋಗಬೇಕಾದರೆ ಹಿತ್ತಿಲ ಬಾಗಿಲಿಂದ ಹೊರಟು, ಪಲ್ಪರ್ ಮನೆಯ ಹಿಂದಿನ ಕಾಲುದಾರಿಯಲ್ಲಿ ಸುತ್ತಿ, ರಸ್ತೆ ಸೇರಬೇಕು. ಕಣದಲ್ಲಿ ಕೆಲಸ ಮಾಡುತ್ತಿದ್ದ ಗಿರಿಜಾ, ಬಾಯಿ ಜೋರಿನ ಹೆಂಗಸು, ಒಮ್ಮೆ ಕೇಳಿಯೇಬಿಟ್ಟಿದ್ದಳು.

"ಅಮ್ಮಾವ್ರೆ, ಹಂಗಾರೆ ನಮ್ಗೂ ತಿಂಗ್ಳಿಗೆ ಮೂರು ದಿನ ರಜ ಕೊಡ್ಸಿ. ನಾವೂ ಹೆಂಗಸ್ರೇ ಅಲ್ವಾ? ದಿನಾ ಇದ್ರ ಮೇಲೇ ಕಾಲಾಡಿಸ್ತೀವಿ."

"ಅದು ನಿಮಗೂ ದೇವರಿಗೂ ಬಿಟ್ಟಿದ್ದು ಕಣೆ," ಅಂದಿದ್ದಳು ಅಜ್ಜಿ. "ಇದು ನನ್ ಮನೆ ವಿಷಯ."

ನಾನು ಮಾತು ಕಲಿತದ್ದು ಈ ಅಜ್ಜಿಯಿಂದ. ಒಂದು ಮಾತಿಗೆ ಒಂದು ಗಾದೆ, ಒಬ್ಬರ ಸುದ್ದಿಗೆ ಒಂದು ನಗೆ. ಹೊಟ್ಟೆಕಿಚ್ಚು ಅನ್ನುವ ಪದವನ್ನೂ ಅವಳೇ ನನಗೆ ಹಚ್ಚಿದ್ದು. ನಾನು ಹುಟ್ಟಿ ಹನ್ನೊಂದು ವರ್ಷದವರೆಗೆ ಆ ಪದದ ಅಗತ್ಯವೇ ಬಿದ್ದಿರಲಿಲ್ಲ, ಯಾಕೆಂದರೆ ಮನೆಯಲ್ಲಿ ಇದ್ದ ಒಂದೇ ಮಗು ನಾನು. ಕಾವಲಿಯ ಮೊದಲ ಅಕ್ಕಿರೊಟ್ಟಿ, ಅಂಚು ಗರಿಗರಿಯಾದದ್ದು, ನನ್ನದು. ಸಾಹುಕಾರರ ಜೀಪ್ ಓಡಿಸುತ್ತಿದ್ದ ನನ್ನ ಚಿಕ್ಕಪ್ಪ ಖಾಲಿ ಜೀಪಲ್ಲಿ ಕೊಟ್ಟಿಗೆಹಾರಕ್ಕೆ ಹೊರಟರೆ ಮುಂದಿನ ಸೀಟು ನನ್ನದು. ಊಟಕ್ಕೆ ಕೂತರೆ ಅವನ ಪಕ್ಕದ ಮಣೆ ನನ್ನದು. ಅಲ್ಲಿ ಕೂತಾಗಲೇ ಅವನೊಮ್ಮೆ ನನ್ನ ಕಾಲನ್ನು ಗೇಣಿನಲ್ಲಿ ಅಳೆದು ಹೇಳಿದ್ದು:

"ನಳಿನಿ, ಇನ್ನೊಂದು ಗೇಣು ಬೆಳಿ. ಪೆಡಲಿಗೆ ಕಾಲು ಸಿಕ್ಕಿದ ದಿನ ನಿಂಗೊಂದು ಸೈಕಲ್ ತಂದು ನಿಲ್ಲಿಸ್ತೀನಿ, ನೋಡ್ತಿರು."

ಆ ಗೇಣು ಬೆಳೆಯುವುದಕ್ಕೆ ನಾನು ಪಟ್ಟ ಪಾಡು ದೇವರಿಗೇ ಗೊತ್ತು. ಹಲಸಿನ ಕೊಂಬೆಗೆ ಜೋತು ಬಿದ್ದೆ. ಅಜ್ಜಿಯ ಕಷಾಯ ಕುಡಿದೆ. ಅಷ್ಟರಲ್ಲಿ ಚಿಕ್ಕಪ್ಪನಿಗೆ ಮದುವೆಯಾಯಿತು, ಚಿಕ್ಕಮ್ಮ ಬಂದಳು. ಜಯಂತಿ ಅಂತ ಹೆಸರು, ಕಡೂರಿನ ಬಯಲು ಕಡೆಯವಳು. ಚಂದವೇನೂ ಅಲ್ಲ, ಹಲ್ಲು ಸ್ವಲ್ಪ ಮುಂದೆ ಅಂತ ನಾನು ಮೊದಲ ದಿನವೇ ತೀರ್ಮಾನ ಮಾಡಿದೆ. ಆದರೆ ಅವಳು ನಕ್ಕರೆ ಇಡೀ ಮನೆ ಅತ್ತ ತಿರುಗುತ್ತಿತ್ತು. ಜೀಪಿನ ಮುಂದಿನ ಸೀಟು ಹೋಯಿತು. ಪಕ್ಕದ ಮಣೆ ಹೋಯಿತು. ಒಂದು ಬೆಳಿಗ್ಗೆ ಅಮ್ಮ ಮೊದಲ ರೊಟ್ಟಿಯನ್ನು ಅವಳ ತಟ್ಟೆಗೆ ಹಾಕಿ, "ಹೊಸದಾಗಿ ಬಂದವಳು, ತಿನ್ನಲಿ" ಅಂದಾಗ ನಾನು ಎರಡನೇ ರೊಟ್ಟಿಯನ್ನು ನಾಯಿಗೆ ಹಾಕಿ ಉಪವಾಸ ಶಾಲೆಗೆ ಹೋದೆ.

"ಇದರ ಹೊಟ್ಟೆಕಿಚ್ಚಿಗೆ ಒಂದು ಕೊಡ ತಣ್ಣೀರು ಹಾಕ್ರೇ ಯಾರಾದ್ರೂ," ಅಂತ ಅಜ್ಜಿ ಕೂಗಿದ್ದು ದಾರಿಯುದ್ದಕ್ಕೂ ಕೇಳಿಸಿತು.

ಚಿಕ್ಕಮ್ಮ ಎಸ್ಸೆಸೆಲ್ಸಿ ಪಾಸಾದವಳು. ನಮ್ಮಲ್ಲಿಂದ ಮೂರು ಮೈಲಿ ಕೆಳಗಿನ ಹಳ್ಳಿಯ ಬಾಲವಾಡಿಗೆ ಟೀಚರ್ ಬೇಕು ಅಂದರಂತೆ, ಅವಳು ಅರ್ಜಿ ಹಾಕಿದ್ದಳಂತೆ, ಸಿಕ್ಕಿತಂತೆ. ಇದೆಲ್ಲ ನನಗೆ ಗೊತ್ತಾದದ್ದು ಒಂದು ಸಂಜೆ, ಚಿಕ್ಕಪ್ಪನ ಜೀಪಿನ ಟಾಪಿನ ಮೇಲೆ ಕಟ್ಟಿದ್ದ ಸೈಕಲ್ಲನ್ನು ನೋಡಿ ನಾನು ಕಣದ ಆ ತುದಿಯಿಂದ ಈ ತುದಿಗೆ ಕಿರುಚುತ್ತ ಓಡಿಬಂದ ಮೇಲೆ. ಚಿಕ್ಕಮಗಳೂರಿಂದ ತಂದಿದ್ದ. ಹಸಿರು ಬಣ್ಣ, ಮುಂದೆ ಬುಟ್ಟಿ, ಹಿಂದೆ ಸೀರೆ ಸಿಕ್ಕದ ಹಾಗೆ ಬಲೆ, ನಡುವೆ ಅಡ್ಡಕಂಬಿ ಇಲ್ಲ. ನಾನು ಆಗಲೇ ಬೆಲ್ಲಿಗೆ ಕೈ ಹಾಕಿದ್ದೆ. ಚಿಕ್ಕಪ್ಪ ಹಗ್ಗ ಬಿಚ್ಚುತ್ತ, ನನ್ನ ಮುಖ ನೋಡದೆ ಹೇಳಿದ.

"ಇದು ನಿನ್ ಚಿಕ್ಕಮ್ಮಂಗೆ ಪುಟ್ಟಿ. ಅವಳು ಕೆಲಸಕ್ಕೆ ಹೋಗ್ಬೇಕಲ್ಲ. ನಿಂಗೆ ಇನ್ನೊಂದ್ಸಲ ತರಣ."

ನನ್ನ ಕಾಲು ಆಗ ಪೆಡಲಿಗೆ ಸಿಕ್ಕುತ್ತಿತ್ತು. ಅದನ್ನು ಹೇಳಬೇಕೆಂದು ಬಾಯಿ ತೆರೆದೆ, ಆಮೇಲೆ ಬೆಲ್ಲಿನಿಂದ ಕೈ ತೆಗೆದೆ.

ಅವತ್ತು ಊಟಕ್ಕೆ ಕೂತಾಗ ನಡೆದದ್ದು ನಮ್ಮ ಮನೆಯ ದೊಡ್ಡ ಜಗಳ. ಅಜ್ಜಿ ಹುರುಳಿ ಸಾರು ಬಡಿಸುತ್ತಿದ್ದವಳು ಸೌಟನ್ನು ಪಾತ್ರೆಗೇ ಬಿಟ್ಟು ಕೂತಳು.

"ಅದೇನೋ ಕಂಬಳಿಹುಳ ಬೆನ್ನು ಬಾಗಿಸಿದ ಹಂಗೆ ತಂದು ನಿಲ್ಸಿದೀಯಲ್ಲ, ಅದ್ರ ಮೇಲೆ ನಮ್ ಮನೆ ಸೊಸೆ ಕೂತ್ಕೊಂಡು ಹೋಗೋದಾ? ಲೈನ್ ಮನೆ ಕೂಲಿಯವರೆಲ್ಲ ಬಾಗಿಲಿಗೆ ಬಂದು ನಿಂತು ನೋಡೋದಾ?"

"ನೋಡ್ಲಿ ಬಿಡವ್ವ, ಎರಡು ದಿನ ನೋಡ್ತಾರೆ," ಅಂದ ಚಿಕ್ಕಪ್ಪ.

"ಅತ್ತೆ, ನಮ್ ಕಡೆ ಹೈಸ್ಕೂಲಿಗೆಲ್ಲ ನಾವು ಸೈಕಲ್ಲಲ್ಲೇ ಹೋಗ್ತಿದ್ವಿ," ಅಂದಳು ಚಿಕ್ಕಮ್ಮ ಮೆಲ್ಲಗೆ.

"ನಿಮ್ ಕಡೆ ಬಯಲು. ಬಯಲಲ್ಲಿ ಬಿದ್ರೆ ಬಿದ್ದ ಕಡೆ ಸಿಕ್ತೀರ. ಇಲ್ಲಿ ಬಿದ್ರೆ ಕೆಳಗಿನ ಹಳ್ಳದಲ್ಲಿ ಹುಡುಕ್ಬೇಕು."

ಅಪ್ಪ ಎಂದಿನಂತೆ ಅನ್ನದಲ್ಲಿ ಕಲ್ಲು ಹುಡುಕುತ್ತಿದ್ದ. ಅಮ್ಮ ಒಲೆಯ ಕಡೆ ಮುಖ ಮಾಡಿದ್ದಳು. ಅಮ್ಮನ ಬೆನ್ನು ಏನು ಯೋಚಿಸುತ್ತಿದೆಯೆಂದು ಆ ಮನೆಯಲ್ಲಿ ಯಾರೂ ಕೇಳುವ ರೂಢಿ ಇರಲಿಲ್ಲ. ಕೊನೆಗೆ ಅಜ್ಜಿ ಒಪ್ಪಿದಳು, ಮೂರು ಕರಾರಿನ ಮೇಲೆ: ಬೆಳಗಿನ ನೀರು, ರೊಟ್ಟಿ, ಕೊಟ್ಟಿಗೆ ಮುಗಿಸಿಯೇ ಹೊರಡಬೇಕು, ಲೈನ್ ಮನೆಗಳ ಮುಂದೆ ಬೆಲ್ ಹೊಡೆಯಬಾರದು, ಹೊರಗಾದ ದಿನ ಸೈಕಲ್ಲನ್ನು ಸುತ್ತುದಾರಿಯಲ್ಲಿ ನೂಕಿಕೊಂಡು ಹೋಗಬೇಕು, ಅದರ ಗಾಲಿಯೂ ಕಣ ಮುಟ್ಟಬಾರದು.

ಎಷ್ಟೋ ವರ್ಷ ಕಳೆದು, ಕಾಲೇಜಿನಲ್ಲಿ ಒಬ್ಬರು ಮೇಡಂ ಬಂದು ಹೆಂಗಸರ ಸಮಾನತೆಯ ಬಗ್ಗೆ ಭಾಷಣ ಮಾಡಿದ್ದರು. ಲೋಕದಲ್ಲೆಲ್ಲ ಹೆಂಗಸರನ್ನು ಮನೆಯ ಹೊಸಿಲು ದಾಟಿಸಿದ್ದು ಸೈಕಲ್ಲು, ಗಂಡಸಿನ ಹಂಗಿಲ್ಲದೆ ತಾವೇ ಹೊರಟು ತಾವೇ ತಲುಪಬಹುದು ಅಂತ ತೋರಿಸಿದ್ದು ಸೈಕಲ್ಲು ಅಂದರು. ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿದರು. ನನ್ನ ಕೈ ಮೇಲೇಳಲಿಲ್ಲ. ನಾನು ಕಂಡ ಮೊದಲ ಸೈಕಲ್ ಹೆಂಗಸನ್ನು ಸೈಕಲ್ಲಿಂದ ಇಳಿಸಿದವಳು ನಾನೇ ಅಂತ ಆ ಮೇಡಂಗೆ ಹೇಗೆ ಹೇಳಲಿ?

ನಮ್ಮ ರಸ್ತೆಯಲ್ಲಿ ಹೋಗುವಾಗ ಸೈಕಲ್ಲು ಚಿಕ್ಕಮ್ಮನನ್ನು ಹೊತ್ತೊಯ್ಯುತ್ತಿತ್ತು, ಬರುವಾಗ ಚಿಕ್ಕಮ್ಮ ಸೈಕಲ್ಲನ್ನು ನೂಕಿಕೊಂಡು ಬರುತ್ತಿದ್ದಳು. "ನೂಕೋಕೆ ಯಾಕಮ್ಮ ಸೈಕಲ್ಲು, ಒಂದು ಎಮ್ಮೆ ಹಿಡ್ಕೊಂಡು ಹೋಗಿ, ಹಾಲಾದ್ರೂ ಕರಿಬೋದು," ಅಂತ ಎಸ್ಟೇಟಿನ ಮೇಸ್ತ್ರಿ ನಗೆಯಾಡಿದ. ಆದರೆ ಬೆಳಿಗ್ಗೆ ಅವಳು ಇಳಿಜಾರಿನಲ್ಲಿ ಹೋಗುವುದನ್ನು ನೋಡಿದವರು ನಗುತ್ತಿರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬುಟ್ಟಿಯಲ್ಲಿ ಬುತ್ತಿ ಇಟ್ಟುಕೊಂಡು, ಸಿಲ್ವರ್ ಮರಗಳ ಮಧ್ಯೆ ತಿರುವಿನಲ್ಲಿ ವಾಲಿ ಮರೆಯಾಗುತ್ತಿದ್ದಳು. ಲೈನಿನ ಹೆಂಗಸರು ಹೊಗೆ ತುಂಬಿದ ಬಾಗಿಲಲ್ಲಿ ನಿಂತು, "ಟೀಚರಮ್ಮ, ಒಂದ್ಸಲ ಬೆಲ್ ಹೊಡೀರಿ!" ಅಂತ ಬೇಡುತ್ತಿದ್ದರು. ಕರಾರು ನೆನಪಿದ್ದ ಚಿಕ್ಕಮ್ಮ ಬಾಯಲ್ಲೇ "ಟ್ರಿಣ್ ಟ್ರಿಣ್" ಅನ್ನುತ್ತ ಹೋಗುತ್ತಿದ್ದಳು. ಇಡೀ ಲೈನು ನಗುತ್ತಿತ್ತು. ನನಗೆ ಹಲ್ಲು ಕಚ್ಚುವಂತಾಗುತ್ತಿತ್ತು. ನಾನು ಆಡಬೇಕಾಗಿದ್ದ ತಮಾಷೆ ಅದು. ಅವಳು ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಭಾನುವಾರ ಅವಳೇ ಬಂದು, "ಬಾ ನಳಿನಿ, ಕಲಿಸ್ತೀನಿ," ಅಂದಳು. "ನಂಗೆ ಬೇಡ," ಅಂದೆ. ನನಗೆ ಸೈಕಲ್ಲು ಬೇಕಾಗಿತ್ತು, ಅವಳ ಕೈಯಿಂದ ಬೇಡವಾಗಿತ್ತು.

ಕುಯ್ಲಿನ ಕಾಲದಲ್ಲಿ ನನಗೂ ಮನೆಯಲ್ಲೊಂದು ಕೆಲಸ ಕೊಟ್ಟಿದ್ದರು: ಮೋಡ ಕಾಯುವುದು. ಮಧ್ಯಾಹ್ನ ಗಿರಿಜಾ ಮತ್ತು ಇನ್ನಿಬ್ಬರು ಊಟಕ್ಕೆ ಲೈನಿಗೆ ಹೋದಾಗ ನಾನು ಕಣದ ತುದಿಯ ಕಲ್ಲಿನ ಮೇಲೆ ಕೂತು ಪಡುವಣ ದಿಕ್ಕು ನೋಡುತ್ತಿರಬೇಕು. ಗುಡ್ಡದ ನೆತ್ತಿಯಲ್ಲಿ ಕಪ್ಪು ಕಂಡರೆ ಮರಕ್ಕೆ ನೇತುಹಾಕಿದ ಕಬ್ಬಿಣದ ಹಳಿ ತುಂಡನ್ನು ಬಾರಿಸಬೇಕು; ಎಲ್ಲರೂ ಓಡಿಬಂದು ರಾಶಿ ಮಾಡಿ ಟಾರ್ಪಾಲು ಎಳೆಯುತ್ತಾರೆ. ಕುಯ್ಲಿನಲ್ಲಿ ಮಳೆ ಬರುವುದು ಅಪರೂಪ. ಆದರೆ ಬಂದರೆ ಒಣಗಿದ ಪಾರ್ಚ್‌ಮೆಂಟು ಕಪ್ಪಿಟ್ಟು ಹೋಗಿ ಅಪ್ಪನ ಮಾನವೂ ಅದರ ಜೊತೆ ಹೋಗುತ್ತದೆ.

ಆ ಶನಿವಾರ ಬೆಳಗಿನ ಶಾಲೆ. ನಾನು ಜಗಲಿಯಲ್ಲಿ ರಿಬ್ಬನ್ ಕಟ್ಟಿಕೊಳ್ಳುತ್ತಿದ್ದೆ. ಚಿಕ್ಕಮ್ಮನಿಗೆ ಅದು ಪಕ್ಕದ ಕೋಣೆಯ ಎರಡನೇ ದಿನ. ಹೊತ್ತಾಗಿತ್ತು. ಪಾರ್ಚ್‌ಮೆಂಟ್ ಇನ್ನೂ ಟಾರ್ಪಾಲಿನ ಕೆಳಗೇ ರಾಶಿಯಾಗಿತ್ತು, ಕಣ ಖಾಲಿಯಿತ್ತು. ಅವಳು ಅತ್ತಿತ್ತ ನೋಡಿದಳು, ಸೈಕಲ್ಲಿಗೆ ಹತ್ತಿದಳು, ಕಣದ ಅಂಚಿಗುಂಟ ಸರ್ರನೆ ಹೋಗಿ ರಸ್ತೆಗೆ ಬಿದ್ದಳು. ಒಂದು ಕಣ್ಣು ಮಿಟುಕುವಷ್ಟು ಹೊತ್ತು. ನಾನು ಅದನ್ನು ನೋಡಿದೆ, ಬಾಯಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡ ಹಾಗೆ ಇಟ್ಟುಕೊಂಡೆ. ಮಧ್ಯಾಹ್ನ ಅವಳು ತಿರುಗಿ ಬಂದು, ಸೈಕಲ್ಲನ್ನು ಪಲ್ಪರ್ ಮನೆಯ ಗೋಡೆಗೆ ಒರಗಿಸಿ, ಕೋಣೆ ಸೇರಿ ಮಲಗಿದಳು. ಅಜ್ಜಿಯೂ ಮಲಗಿದ್ದಳು. ಅಮ್ಮ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಾನು ಮೋಡ ಕಾಯುವ ಕಲ್ಲಿನ ಮೇಲೆ ಕೂತೆ. ಅಲ್ಲಿಂದ ಸೈಕಲ್ಲಿನ ಹ್ಯಾಂಡಲ್ಲು ಮಾತ್ರ ಕಾಣುತ್ತಿತ್ತು, ಬಿಸಿಲಿಗೆ ಹೊಳೆಯುತ್ತಿತ್ತು.

ಎದ್ದು ಹೋದೆ. ಪಲ್ಪರ್ ಮನೆಯ ಹಿಂದೆ ಸಿಲ್ವರ್ ಮರಗಳ ದಟ್ಟ ನೆರಳು, ಆಕಾಶ ಅಂಗೈಯಷ್ಟೂ ಕಾಣದು. ಕಾಲುದಾರಿಯಲ್ಲಿ ಸೈಕಲ್ ಹತ್ತಿದೆ, ಬಿದ್ದೆ. ಹತ್ತಿದೆ, ಬಿದ್ದೆ. ಮೊಣಕಾಲು ಒಡೆಯಿತು, ಚೈನು ಕಳಚಿತು, ಅದನ್ನು ಸೇರಿಸಲು ಹೋಗಿ ಕೈ, ಲಂಗ ಎಲ್ಲ ಗ್ರೀಸಾಯಿತು. ನಾಲ್ಕು ಗಾಲಿ ಸುತ್ತು ಬೀಳದೆ ಹೋದಾಗ ಒಂದು ಹನಿ ಕುತ್ತಿಗೆಯ ಮೇಲೆ ಬಿತ್ತು. ಎಲೆಯ ನೀರು ಅಂದುಕೊಂಡೆ. ಆಮೇಲೆ ಇಡೀ ತೋಟ ಒಟ್ಟಿಗೇ ಸದ್ದು ಮಾಡಿತು. ನಾನು ಓಡಿ ಬಂದು ನೋಡಿದರೆ ಅಮ್ಮ ಒದ್ದೆ ಸೀರೆಯಲ್ಲಿ ಒಬ್ಬಳೇ ಟಾರ್ಪಾಲು ಎಳೆಯುತ್ತಿದ್ದಳು, ಲೈನಿನ ಕಡೆಯಿಂದ ಜನ ಓಡಿಬರುತ್ತಿದ್ದರು, ಪಾರ್ಚ್‌ಮೆಂಟಿನ ಸಾಲುಗಳ ಮಧ್ಯೆ ನೀರು ಹರಿಯುತ್ತಿತ್ತು.

ಸಂಜೆ ಸಾಹುಕಾರರು ಬಂದು ಅಪ್ಪನನ್ನು ಎಲ್ಲರ ಎದುರು ಬೈದರು. ಅಪ್ಪ ಕೈಕಟ್ಟಿ ನಿಂತಿದ್ದ. ಅವರು ಹೋದ ಮೇಲೆ ಜಗಲಿಯಲ್ಲಿ ಕೂತ ಅಜ್ಜಿ ಯಾರನ್ನೂ ನೋಡದೆ ಹೇಳಿದಳು.

"ಪುಷ್ಯಮಾಸದಲ್ಲಿ ಮಳೆ! ಹಂಗೇ ಬರಲ್ಲ ಅದು. ಏನೋ ಮೈಲಿಗೆ ಆಗಿದೆ."

ಅಪ್ಪ ನನ್ನ ಕಡೆ ತಿರುಗಿದ. "ನೀನು ಎಲ್ಲಿದ್ದೆ?"

ಆ ಪ್ರಶ್ನೆಗೆ ನಿಜವಾದ ಉತ್ತರ ಮೂರು ಪದ. ನಾನು ಬೇರೆ ನಿಜವನ್ನು ಹೇಳಿದೆ.

"ಚಿಕ್ಕಮ್ಮ ಬೆಳಿಗ್ಗೆ ಸೈಕಲ್ಲಲ್ಲಿ ಕಣ ದಾಟಿದ್ರು. ನಾನು ನೋಡ್ದೆ."

ಕೋಣೆಯ ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮನನ್ನು ಅಜ್ಜಿ ಕೇಳಿದಳು, "ಹೌದೇನೆ?" ಅವಳು ಸುಳ್ಳು ಹೇಳಬಹುದಿತ್ತು. "ಹೊತ್ತಾಗಿತ್ತು ಅತ್ತೆ," ಅಂದಳು. ಚಿಕ್ಕಪ್ಪ ಅವ್ವನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ, ಆಮೇಲೆ ಅವ್ವ ಹೇಳಿದ ಹಾಗೆ ಸೈಕಲ್ಲನ್ನು ಹೊತ್ತು ತಂದು ಅಟ್ಟದ ತೊಲೆಗೆ ಹಗ್ಗದಲ್ಲಿ ನೇತುಹಾಕಿದ. ಕೆಲಸ ಬಿಡು ಅಂತ ಅಜ್ಜಿ ಹೇಳಲಿಲ್ಲ. "ಕಾಲಿದೆಯಲ್ಲ, ನಡೀಲಿ," ಅಂದಳು. ಮಾರನೆಯ ದಿನ ನನ್ನ ಲಂಗ ಬಟ್ಟೆ ರಾಶಿಯಲ್ಲಿರಲಿಲ್ಲ. ಹಿತ್ತಿಲ ಕಲ್ಲಿನ ಮೇಲೆ ಚಿಕ್ಕಮ್ಮ ಅದರ ಗ್ರೀಸನ್ನು ಸೀಮೆಎಣ್ಣೆ ಹಾಕಿ ಉಜ್ಜುತ್ತಿದ್ದಳು. ನಾನು ಬಂದದ್ದು ನೋಡಿ ತಲೆಯೆತ್ತಿದಳು, ನನ್ನ ಮೊಣಕಾಲು ನೋಡಿದಳು, ಮತ್ತೆ ಉಜ್ಜಿದಳು. ನನಗೆ ಕರುಣೆ ಬರಬೇಕಿತ್ತಲ್ಲ? ಉರಿ ಬಂತು. ಒಳ್ಳೆಯತನದಲ್ಲೂ ಇವಳೇ ಮುಂದಿರಬೇಕೇ, ನನಗೆ ಅಂತ ಏನನ್ನೂ ಬಿಡುವುದಿಲ್ಲವೇ ಅಂತ.

ಅವಳು ನಡೆದಳು. ಅಜ್ಜಿಯ ಮೊದಲ ಕರಾರು ಹಾಗೇ ಇತ್ತು: ನೀರು, ರೊಟ್ಟಿ, ಕೊಟ್ಟಿಗೆ ಮುಗಿಯುವ ತನಕ ಹೊರಡುವಂತಿಲ್ಲ. ಸೈಕಲ್ಲಿದ್ದಾಗ ಸರಿಹೊಂದುತ್ತಿದ್ದ ಹೊತ್ತು ಈಗ ಹೊಂದುತ್ತಿರಲಿಲ್ಲ. ಮೇಲ್ವಿಚಾರಣೆಯ ಮೇಡಂ ಎರಡು ಸಲ ಬಂದಾಗಲೂ ಬಾಲವಾಡಿಗೆ ಬೀಗ, ಮಕ್ಕಳು ಮೆಟ್ಟಿಲ ಮೇಲೆ. ಅವಳದು ಇನ್ನೂ ಖಾಯಂ ಆಗದ ಕೆಲಸ. ಒಂದು ಸಂಜೆ ಅವಳು ಪಾದಕ್ಕೆ ಕೊಬ್ಬರಿಎಣ್ಣೆ ಹಚ್ಚಿಕೊಳ್ಳುತ್ತ ಅಮ್ಮನಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು.

"ಇನ್ನೊಂದ್ಸಲ ಬೀಗ ಕಂಡ್ರೆ ಬೇರೆಯವರನ್ನ ಹಾಕ್ತೀವಿ ಅಂದ್ರು ಅಕ್ಕ. ಸಂಬಳಕ್ಕಲ್ಲ. ಆ ಮಕ್ಕಳು ನಾನು ತಿರುವಿಗೆ ಬಂದ ಕೂಡಲೇ ಓಡಿ ಬರ್ತವೆ. ಈ ಊರಲ್ಲಿ ನನಗೇ ಅಂತ ಓಡಿ ಬರೋರು ಅವು ಮಾತ್ರ."

ಓಡಿ ಬರೋರು. ಬಾಗಿಲ ಹಿಂದೆ ನಿಂತ ನನಗೆ ಆ ಮಾತು ಎಲ್ಲೋ ತಾಗಿತು. ಅವಳಿಗೂ ಏನೋ ಇಲ್ಲ, ನಮ್ಮ ಮನೆಯಲ್ಲಿ ಅವಳು ಕಸಿದದ್ದಕ್ಕಿಂತ ಬಿಟ್ಟುಬಂದದ್ದು ಜಾಸ್ತಿ ಅನ್ನುವುದು ಮೊದಲ ಬಾರಿ ಹೊಳೆಯಿತು. ಭಾನುವಾರ ಅಜ್ಜಿ ನನ್ನ ತಲೆಗೆ ಎಣ್ಣೆ ತಟ್ಟುತ್ತಿದ್ದಾಗ, ಮುಖ ಕಾಣದ ಧೈರ್ಯದಲ್ಲಿ, ಎಲ್ಲ ಹೇಳಿಬಿಟ್ಟೆ. ಮೋಡ ಕಾಯದೆ ಎದ್ದು ಹೋದದ್ದು, ಸೈಕಲ್ಲು, ಚೈನು. ಅಜ್ಜಿಯ ಕೈ ತಲೆಯ ಮೇಲೇ ನಿಂತಿತು. ಒಂದು ಮೊಟಕಿತು. ಆಮೇಲೆ ಹೇಳಿದಳು.

"ಆದ್ರೂ ಅವಳು ಕಣ ತುಳಿದಿದ್ದು ಸುಳ್ಳಲ್ವಲ್ಲ. ಮೈಲಿಗೆ ಆಗಿದ್ದಕ್ಕೇ ಮಳೆ ಬಂತು. ನೀನು ಕೂತಿದ್ರೂ ಬರ್ತಿತ್ತು."

ನನ್ನ ತಪ್ಪೊಪ್ಪಿಗೆಯಿಂದ ಏನೂ ಆಗಲಿಲ್ಲ. ಸೈಕಲ್ಲು ತೊಲೆಯಲ್ಲೇ ತೂಗಿತು. ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಅಮ್ಮನ ಕೈಸದ್ದು ಮಾತ್ರ ಸ್ವಲ್ಪ ಹೊತ್ತು ನಿಂತದ್ದು ನನಗೆ ಗೊತ್ತಾಯಿತು.

ಅದಾಗಿ ನಾಲ್ಕು ದಿನಕ್ಕೆ ಅಮ್ಮ ಪಕ್ಕದ ಕೋಣೆ ಸೇರಿದಳು. ಮಾರನೆಯ ದಿನ ಹತ್ತು ಗಂಟೆಯ ಬಿಸಿಲು; ಕಣದ ತುಂಬ ಪಾರ್ಚ್‌ಮೆಂಟ್ ಹರವಿತ್ತು. ಜ್ವರ ಅಂತ ನಾನು ಶಾಲೆಗೆ ಹೋಗಿರಲಿಲ್ಲ. ಅಜ್ಜಿ ಜಗಲಿಯಲ್ಲಿ ಅಡಕೆ ಕತ್ತರಿಸುತ್ತಿದ್ದಳು. ಅಮ್ಮ ಕೋಣೆಯಿಂದ ಹೊರಬಂದು, ಮೂರು ಮೆಟ್ಟಿಲು ಇಳಿದು, ಸೀರೆಯನ್ನು ಗೇಣು ಮೇಲೆತ್ತಿ, ಕಣದೊಳಕ್ಕೆ ಕಾಲಿಟ್ಟಳು. ಅಂಚಿನಲ್ಲಲ್ಲ, ನಡುವೆ. ಕಣದ ಹೆಂಗಸರು ಮಾಡುವ ಹಾಗೆ ಪಾದ ಎಳೆಯುತ್ತ, ಬೀಜದಲ್ಲಿ ಸಾಲು ಬಿಡಿಸುತ್ತ ಆ ತುದಿಗೆ ಹೋದಳು. ತಿರುಗಿ ಈ ತುದಿಗೆ ಬಂದಳು. ಮತ್ತೆ ಹೋದಳು.

"ಅಯ್ಯಯ್ಯೋ ರೈಟ್ರಮ್ಮ, ನಮ್ ಕೆಲ್ಸ ಕಿತ್ಕೊಳ್ತೀರಲ್ರೀ!" ಅಂತ ಗಿರಿಜಾ ಕೂಗಿದಳು.

ಅಜ್ಜಿಯ ಅಡಕತ್ತರಿ ಬಾಯಿ ತೆರೆದು ಹಾಗೇ ನಿಂತಿತ್ತು. "ಏ, ನಿನಗೇನು ಹುಚ್ಚಾ? ಮೇಲೆ ಬಾ!"

ಅಮ್ಮ ಕಣದ ನಡುವೆ ನಿಂತಳು.

"ಎರಡನೇ ದಿನ ಅತ್ತೆ ನಂಗೆ. ಇವತ್ತು, ನಾಳೆ, ನಾಡಿದ್ದು ನೋಡಣ. ಮಳೆ ಬಂತೋ, ನಾನು ಗಂಟು ಕಟ್ಟಿ ತವರಿಗೆ ಹೋಗ್ತೀನಿ, ಮತ್ತೆ ಬರಲ್ಲ. ಬರ್ಲಿಲ್ಲ ಅಂದ್ರೆ ಜಯಂತಿ ಸೈಕಲ್ ಇಳಿಸ್ಬೇಕು."

ಹದಿಮೂರು ವರ್ಷದ ಸಂಸಾರದಲ್ಲಿ ಅಮ್ಮ ಅಷ್ಟುದ್ದ ಮಾತಾಡಿದ್ದನ್ನು ನಾವು ಯಾರೂ ಕೇಳಿರಲಿಲ್ಲ. ಆ ಮೂರು ದಿನ ನಮ್ಮ ಮನೆಯಲ್ಲಿ ಎಲ್ಲರೂ ಮೋಡ ಕಾದರು. ಅಪ್ಪ ರಿಜಿಸ್ಟರ್ ಕಂಕುಳಲ್ಲಿಟ್ಟುಕೊಂಡು ಗಳಿಗೆಗೊಮ್ಮೆ ಹೊರಗೆ ಬಂದು ಪಡುವಣಕ್ಕೆ ಮುಖ ಮಾಡಿದ. ಚಿಕ್ಕಪ್ಪ ಜೀಪ್ ನಿಲ್ಲಿಸಿದ ಕೂಡಲೇ ಮೊದಲು ತಲೆಯೆತ್ತಿದ. ಅಜ್ಜಿ ಎಲೆಯಡಿಕೆ ಉಗುಳುವ ನೆಪದಲ್ಲಿ ಎದ್ದೆದ್ದು ಹೋದಳು. ಎರಡನೆಯ ದಿನ ಮಧ್ಯಾಹ್ನ ನಿಜಕ್ಕೂ ಒಂದು ಮೋಡ ಬಂತು, ಮಸಿ ಬಟ್ಟೆಯಂಥದ್ದು. ನಾನು ಹಳಿಯ ಹತ್ತಿರ ಕಲ್ಲು ಹಿಡಿದು ನಿಂತೆ. ಗಿರಿಜಾ ಟಾರ್ಪಾಲಿನ ಮೂಲೆ ಹಿಡಿದಳು. ಈಗ ಸುಳ್ಳು ಹೇಳುವುದಿಲ್ಲ: ಒಂದು ಗಳಿಗೆ ಮಳೆ ಬರಲಿ ಅಂತ ನನ್ನ ಮನಸ್ಸು ಅಂದಿತು. ಅಮ್ಮ ತನ್ನ ಮನೆಯನ್ನೇ ಪಣಕ್ಕಿಟ್ಟದ್ದು ಯಾರಿಗಾಗಿ? ನಿನ್ನೆ ಮೊನ್ನೆ ಬಂದವಳಿಗಾಗಿ. ನಾನು ಅಳುತ್ತ ಕೂತ ಎಷ್ಟು ದಿನ ಅಮ್ಮ ಅಜ್ಜಿಯ ಎದುರು ನನ್ನ ಪರವಾಗಿ ಒಂದು ಮಾತಾಡಿದ್ದಳು? ಹಾಗೆ ಅಂದುಕೊಂಡ ಮರುಗಳಿಗೆಗೇ ಅಮ್ಮ ಗಂಟು ಹಿಡಿದು ಹೋಗುವುದು ಕಣ್ಣಿಗೆ ಕಟ್ಟಿತು. ಮೋಡ ಗುಡ್ಡದ ನೆತ್ತಿಯಲ್ಲಿ ಯೋಚನೆ ಮಾಡಿದ ಹಾಗೆ ನಿಂತು, ಮೆಲ್ಲಗೆ ಚಾರ್ಮಾಡಿ ಕಡೆಗೆ ಇಳಿದುಹೋಯಿತು.

ಮೂರನೆಯ ಸಂಜೆ ಗಿರಿಜಾ ಒಂದು ಹಿಡಿ ಪಾರ್ಚ್‌ಮೆಂಟ್ ಎತ್ತಿ, ಒಂದು ಬೀಜ ಹಲ್ಲಲ್ಲಿ ಕಡಿದು, "ಕಟಕ್ ಅಂತು ಅಮ್ಮಾವ್ರೆ, ಒಣಗಿದೆ," ಅಂತ ಅಜ್ಜಿಗೆ ಕೇಳುವ ಹಾಗೆ ಹೇಳಿದಳು. ಅಜ್ಜಿ ಕೇಳಿಸದವಳಂತೆ ಒಳಗೆ ಹೋದಳು. ಊಟಕ್ಕೆ ಕೂತಾಗ, ಯಾರ ಮುಖವನ್ನೂ ನೋಡದೆ, ಚಿಕ್ಕಪ್ಪನ ತಟ್ಟೆಗೆ ಸಾರು ಹಾಕುತ್ತ ಅಂದಳು.

"ಅಟ್ಟದಲ್ಲಿ ಅದೇನೋ ತೂಗ್ತಿದೆಯಲ್ಲ, ಉಪ್ಪಿನಕಾಯಿ ಜಾಡಿ ತೆಗಿಯೋಕೆ ಹೋದ್ರೆ ತಲೆಗೆ ಬಡಿಯತ್ತೆ. ಇಳಿಸು ಮಾರಾಯ."

ಚಿಕ್ಕಮ್ಮನ ಕೆಲಸ ಉಳಿಯಿತು. ಅಮ್ಮನಿಗೂ ಚಿಕ್ಕಮ್ಮನಿಗೂ ಮಧ್ಯೆ ಬೇರೆ ಏನೋ ಹುಟ್ಟಿತು. ಇಬ್ಬರೂ ಒಲೆಯ ಮುಂದೆ ಪಿಸುಗುಟ್ಟಿ ನಗುತ್ತಿದ್ದರು. ನಾನು ಒಳಗೆ ಹೋದರೆ ನಗು ನಿಲ್ಲುತ್ತಿರಲಿಲ್ಲ, ಆದರೆ ಯಾಕೆಂದು ನನಗೆ ಹೇಳುತ್ತಿರಲಿಲ್ಲ. ಮೊದಲು ಚಿಕ್ಕಪ್ಪನನ್ನು ಕಳಕೊಂಡಿದ್ದೆ, ಈಗ ಅಮ್ಮನನ್ನೂ.

ಕುಯ್ಲು ಮುಗಿದು, ಕೊನೆಯ ಲೋಡು ಕ್ಯೂರಿಂಗ್ ಕಾರ್ಖಾನೆಗೆ ಹೋಗಿ, ಕಣವನ್ನು ತೊಳೆದು ಬಿಟ್ಟಿದ್ದರು. ಒಂದು ಭಾನುವಾರ, ಅಜ್ಜಿ ನೆಂಟರ ಮನೆಗೆ ಹೋಗಿದ್ದ ದಿನ, ನಾನು ಹೊರಗೆ ಬಂದು ನೋಡಿದರೆ ಅಮ್ಮ ಸೈಕಲ್ಲಿನ ಮೇಲೆ ಕೂತಿದ್ದಾಳೆ. ಸೆರಗು ಸೊಂಟಕ್ಕೆ. ಕಣ್ಣಲ್ಲಿ ಹೆದರಿಕೆ. ಹಿಂದೆ ಚಿಕ್ಕಮ್ಮ ಸೀಟು ಹಿಡಿದು ಓಡುತ್ತಿದ್ದಾಳೆ. ಅಮ್ಮ ವಾಲಿದಳು, "ಅಯ್ಯೋ" ಅಂದಳು, ಚಿಕ್ಕಮ್ಮನ ಮೇಲೇ ಬಿದ್ದಳು. ಇಬ್ಬರೂ ಸಿಮೆಂಟಿನ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕರು. ಅಮ್ಮನಿಗೆ ಅಂಥ ನಗು ಇದೆಯೆಂದೇ ನನಗೆ ಗೊತ್ತಿರಲಿಲ್ಲ. ನಾನು ಓಡಿಹೋಗಿ ಸೈಕಲ್ಲು ಎತ್ತಿದೆ.

"ನಾನು ಹಿಡ್ಕೊತೀನಿ ಅಮ್ಮ. ನೀನು ಹತ್ತು."

ಅಮ್ಮ ಸೀರೆ ಕೊಡವುತ್ತ ಎದ್ದಳು. ಸಿಟ್ಟಿನಿಂದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವ ದನಿಯಲ್ಲಿ ಅಂದಳು:

"ಬೇಡ ಮಗ. ಜಯಂತಿನೇ ಹಿಡ್ಕೊಳ್ಲಿ. ಅವಳು ಬಿಡಲ್ಲ."

ನಾನು ಹ್ಯಾಂಡಲ್ಲು ಬಿಟ್ಟು ಮೆಟ್ಟಿಲ ಮೇಲೆ ಹೋಗಿ ಕೂತೆ. ಕಿವಿಯೆಲ್ಲ ಬಿಸಿ. ಅಮ್ಮ ಮತ್ತೆ ಹತ್ತಿದಳು. "ಬಿಟ್ಟೀಯ ಕಣೆ, ಬಿಟ್ಟೀಯ," ಅನ್ನುತ್ತ ಪೆಡಲು ತುಳಿದಳು. "ಇಲ್ಲ ಅಕ್ಕ, ಹಿಡ್ಕೊಂಡಿದೀನಿ," ಅನ್ನುತ್ತ ಚಿಕ್ಕಮ್ಮ ಹಿಂದೆ ಓಡಿದಳು. ಕಣದ ನಡುವಿಗೆ ಬರುವಷ್ಟರಲ್ಲಿ ಚಿಕ್ಕಮ್ಮನ ಕೈ ಸೀಟನ್ನು ಬಿಟ್ಟಿತ್ತು. ಅವಳು ನಿಂತಳು. ಅಮ್ಮ ಹೋಗುತ್ತಲೇ ಇದ್ದಳು, ನೆಟ್ಟಗೆ, ಒಬ್ಬಳೇ, ಹಿಂದೆ ಜಯಂತಿ ಇದ್ದಾಳೆ ಅನ್ನುವ ನಂಬಿಕೆಯಲ್ಲಿ. ಚಿಕ್ಕಮ್ಮ ನನ್ನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ಒಂದು ಗಳಿಗೆ ಭಯ ಕಂಡಿತು, ಅಮ್ಮನಿಗಾಗಿ ಅಲ್ಲ, ನಾನು ಏನು ಕೂಗುತ್ತೇನೋ ಅಂತ.

"ಅಮ್ಮಾ, ಅವಳು ಬಿಟ್ಟಳು!" ಅನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟು ರುಚಿಯಾದ ಮಾತು ನನಗೆ ಮತ್ತೆಂದೂ ಸಿಕ್ಕಿಲ್ಲ. ಹೊಟ್ಟೆಯ ಕಿಚ್ಚು ಹಾಗೇ ಉರಿಯುತ್ತಿತ್ತು. ನಾನು ತುಟಿ ಕಚ್ಚಿ ಹಿಡಿದು ಕೂತೆ, ಅಮ್ಮ ಆ ತುದಿ ಮುಟ್ಟುವವರೆಗೆ.